ಎಂಟು ತಿಂಗಳ ಲೆಕ್ಕ

ಭಾವ: (ಹಂಚಿಕೊಂಡ ಲೇಖನ) ‘ಹೆಪಟೈಟಿಸ್ ಸಿ: ಔಷಧ ಸಿದ್ಧವಿತ್ತು, ಸಹಿ ಇರಲಿಲ್ಲ’

ಭಾವ: ಎಲ್ಲರೂ ಓದಿ. ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಕಡತದ ಮೇಲೆ ಕುಳಿತಿದ್ದಾಗ ಎಷ್ಟು ಜನರ ಲಿವರ್ ಕಲ್ಲಾಯಿತೋ!

ನಾನು: ಭಾವ, ಆ ಔಷಧ, ಅಂದರೆ ಸೊಫೊಸ್ಬುವಿರ್, ಅದರ ಅರ್ಜಿ ಹೋದದ್ದು 2013ರ ಏಪ್ರಿಲ್‌ನಲ್ಲಿ, ಒಪ್ಪಿಗೆ ಬಂದದ್ದು ಅದೇ ಡಿಸೆಂಬರ್ 6ಕ್ಕೆ. ಎಂಟು ತಿಂಗಳು. ಇದು ಕಡತದ ಮೇಲೆ ಕೂರುವುದೇ?

ಭಾವ: ನಿನಗೆ ಎಂಟು ತಿಂಗಳು. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವನಿಗೆ ಅದು ಎಷ್ಟು, ಹೇಳು?

ನಾನು: ಅವಸರಪಟ್ಟರೆ ಏನಾಗಬಹುದು ಎನ್ನುವುದೂ ಗೊತ್ತಿರಲಿ. 2012ರಲ್ಲಿ ಬಿಎಂಎಸ್-986094 ಎಂಬ ಇನ್ನೊಂದು ಔಷಧ ಪ್ರಯೋಗದಲ್ಲಿತ್ತು. ಅದೂ ಸೊಫೊಸ್ಬುವಿರ್‌ನಂತೆ ವೈರಸ್ ತನ್ನ ನಕಲು ಮಾಡಿಕೊಳ್ಳಲು ಬಳಸುವ ಪಾಲಿಮರೇಸ್ ಕಿಣ್ವವನ್ನೇ ಕಟ್ಟಿಹಾಕುವಂಥದ್ದು. ಪ್ರಯೋಗಕ್ಕೆ ಸೇರಿದ್ದ ಒಬ್ಬರು ಹೃದಯ ವೈಫಲ್ಯದಿಂದ ತೀರಿಕೊಂಡರು. ಆಗಸ್ಟ್‌ನಲ್ಲಿ ಎಲ್ಲವೂ ನಿಂತಿತು.

ಅಕ್ಕ: ಇಬ್ಬರೂ ಸುಮ್ಮನಿರಿ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ.

ಭಾವ: ಹತ್ತು ನಿಮಿಷದಿಂದ ಮಾಡುತ್ತಲೇ ಇದ್ದಾರೆ.

ದೊಡ್ಡಪ್ಪ: ಒಂದೇ ಬೆರಳಿನಲ್ಲಿ ಬರೆಯುವವನು ನಾನು, ತಾಳಿ ಅಳಿಯಂದಿರೇ. ಕಾಯುವ ವಿಷಯ ನನಗೆ ಬಿಡಿ. 2010ರಲ್ಲಿ ಇದೇ ಹೆಪಟೈಟಿಸ್ ಸಿಗೆ ವಾರಕ್ಕೊಂದು ಇಂಟರ್‌ಫೆರಾನ್ ಚುಚ್ಚುಮದ್ದು, ದಿನವೂ ರೈಬಾವೈರಿನ್ ಮಾತ್ರೆ, ಒಟ್ಟು 48 ವಾರ. ಫ್ರಿಜ್ಜಿನಿಂದ ತೆಗೆದ ಸಿರಿಂಜಿನ ತಂಪು ಹೋಗಲೆಂದು ನಿಮ್ಮ ದೊಡ್ಡಮ್ಮ ಅದನ್ನು ಅಂಗೈಗಳ ನಡುವೆ ಹಿಡಿದು ಕುಳಿತಿರುತ್ತಿದ್ದಳು. ಚುಚ್ಚಿಕೊಂಡ ರಾತ್ರಿ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಚಿಕಿತ್ಸೆ ಮುಗಿದು ಮೂರು ತಿಂಗಳಿಗೆ ವೈರಸ್ ಮತ್ತೆ ಹಾಜರು.

ದೊಡ್ಡಪ್ಪ: ಅಷ್ಟರಲ್ಲಿ ಟೆಲಪ್ರೆವಿರ್ ಎಂಬ ಹೊಸ ಔಷಧ ಬಂದಿತ್ತು. ಅದರ ಜೊತೆಗೂ ಅದೇ ಚುಚ್ಚುಮದ್ದು, ಮೇಲೆ ಚರ್ಮದ ದದ್ದು. ವೈದ್ಯರು ಬೇಡ ಎಂದರು. ಇಂಟರ್‌ಫೆರಾನ್ ಇಲ್ಲದ ಮಾತ್ರೆ ಬರಲಿದೆ, ನಿಮ್ಮ ಲಿವರ್ ಅಷ್ಟು ದಿನ ತಡೆಯುತ್ತದೆ ಎಂದರು.

ಭಾವ: ಹಾಗಾದರೆ 2013ರಲ್ಲಿ ಸಿಕ್ಕಿತಲ್ಲ ಮಾವ?

ದೊಡ್ಡಪ್ಪ: ಎಲ್ಲಿ ಸಿಕ್ಕಿತು? ಈ ವೈರಸ್ಸಿನಲ್ಲಿ ಜೀನೋಟೈಪ್ ಎಂಬ ಹಲವು ಬಗೆಗಳಿವೆ, ಚುಚ್ಚುಮದ್ದು ತಪ್ಪಿದ್ದು 2, 3ನೇ ಬಗೆಯವರಿಗೆ. ನನ್ನದು 1. ಸೊಫೊಸ್ಬುವಿರ್ ಜೊತೆ ಲೆಡಿಪಾಸ್ವಿರ್ ಎಂಬ ಇನ್ನೊಂದು ಔಷಧ ಸೇರಿಸಿದ ಮಾತ್ರೆಗೆ ಒಪ್ಪಿಗೆ ಸಿಗುವಷ್ಟರಲ್ಲಿ 2014ರ ಅಕ್ಟೋಬರ್.

ನಾನು: ಆಗಲಾದರೂ...

ದೊಡ್ಡಪ್ಪ: ಆಗ ವಿಮೆಯವರು ಬಂದರು. ಸೊಫೊಸ್ಬುವಿರ್ ಒಂದಕ್ಕೇ 12 ವಾರಕ್ಕೆ 84,000 ಡಾಲರ್, ಅಂದರೆ ಮಾತ್ರೆಗೆ 1,000. ಈ ಹೊಸದು ಇನ್ನೂ ದುಬಾರಿ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಸಿ ವರದಿ ಕಳುಹಿಸಿದೆ. ಈ ಅಳತೆಯಲ್ಲಿ ‘ಎಫ್’ ಮುಂದಿನ ಅಂಕಿ ಏರಿದಷ್ಟೂ ಲಿವರ್ ಹೆಚ್ಚು ಕೆಟ್ಟಿದೆ ಎಂದರ್ಥ. ‘ಎಫ್2 ಇದೆ, ಎಫ್3 ಆದ ಮೇಲೆ ಬನ್ನಿ’ ಎಂಬ ಅರ್ಥದ ಪತ್ರ ಬಂತು. ಇನ್ನಷ್ಟು ಕೆಡಿಸಿಕೊಂಡು ಬರಬೇಕಂತೆ!

ಅಕ್ಕ: ಅಯ್ಯೋ. ಇದನ್ನು ನಮಗೆ ಹೇಳಿಯೇ ಇರಲಿಲ್ಲ ದೊಡ್ಡಪ್ಪ.

ದೊಡ್ಡಪ್ಪ: ಎರಡು ಮೇಲ್ಮನವಿ ಹಾಕಿದ ಮೇಲೆ ಕೊಟ್ಟರು. ದಿನಕ್ಕೆ ಒಂದೇ ಮಾತ್ರೆ, 12 ವಾರ. ತಲೆನೋವು ಬಿಟ್ಟರೆ ಏನೂ ಇಲ್ಲ. ಆಮೇಲೆ ವೈರಸ್ ಪತ್ತೆಯಿಲ್ಲ.

ಭಾವ: ಏನೇ ಹೇಳಿ ಮಾವ, ಎಂಟು ತಿಂಗಳು ಹೆಚ್ಚೇ.

ದೊಡ್ಡಪ್ಪ: ಹೆಚ್ಚೇ, ಇಲ್ಲವೆನ್ನುವುದಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಸಹಿ ಬಿದ್ದ ಮೇಲಿನ ಕಾಯುವಿಕೆ. ನಿಮ್ಮ ಲೇಖನದಲ್ಲಿ ವಿಮೆಯ ಮಾತೇ ಇಲ್ಲವೇ?

ಭಾವ: ಇದೆ ಮಾವ. ಕೊನೆಯ ಪುಟದಲ್ಲಿ. ನಾನು ಅಲ್ಲಿಯ ತನಕ ಓದಿರಲಿಲ್ಲ.