ಪಕ್ಕದ ಮನೆ ಬಚ್ಚಲೊಲೆ ಹೊಗೆ ನಮ್ಮ ಮಲಗೋ ಕೋಣೆಗೆ: ಏನು ಮಾಡಬಹುದು?

ಮಹಡಿಮನೆ_ಶಿವಮೊಗ್ಗ
ಪಕ್ಕದವರದ್ದು ಸೌದೆ ಬಾಯ್ಲರ್. ಬೆಳಗ್ಗೆ ಐದೂವರೆಗೆ ಹಚ್ಚಿದರೆ ಏಳರ ತನಕ ಹೊಗೆ. 4 ಇಂಚಿನ ಕೊಳವೆ ಬಚ್ಚಲ ಶೀಟಿನಿಂದ ಎರಡಡಿ ಮೇಲೆ ನಿಂತಿದೆ. ನಮ್ಮ ಮೊದಲ ಮಹಡಿ ಕಿಟಕಿ ಅಲ್ಲಿಂದ ಎಂಟಡಿ ದೂರ, ಹೆಚ್ಚುಕಡಿಮೆ ಅದೇ ಎತ್ತರ. ಕಿಟಕಿ ಮುಚ್ಚಿದರೂ ವಾಸನೆ ತಪ್ಪಲ್ಲ. ಜಗಳ ಬೇಡ. ಏರ್ ಪ್ಯೂರಿಫೈಯರ್ ತಂದರೆ ಸಾಕಾ?

ಕೊಳವೆ_ಕೆಲಸ
ಪ್ಯೂರಿಫೈಯರ್ ಆಮೇಲೆ, ಮೊದಲು ಕೊಳವೆ ಎತ್ತರಿಸಿ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಹೊಗೆ ಏರದೆ ಅಡ್ಡಕ್ಕೆ ಹರಡುತ್ತೆ. ಅದು ನೇರ ನಿಮ್ಮ ಕಿಟಕಿಗೇ ಬರ್ತಿದೆ. ಕೊಳವೆ ತುದಿ ನಿಮ್ಮ ತಾರಸಿಯ ಪ್ಯಾರಪೆಟ್‌ಗಿಂತ ಎರಡು-ಮೂರಡಿ ಮೇಲೆ ಹೋಗಲಿ.

ಬಾಯ್ಲರ್ ಬಾಯಿಗಿಂತ ಸಣ್ಣ ಕೊಳವೆ ಹಾಕಬೇಡಿ. ಜಿಐ ಅಥವಾ ಸ್ಟೀಲ್ ಆಗಬಹುದು, ಪಿವಿಸಿ ಬೇಡವೇ ಬೇಡ. ತಿರುವು ಬೇಕೇಬೇಕಿದ್ದರೆ 45 ಡಿಗ್ರಿಯದು. ಮೇಲಿನ ತುಂಡಿನ ತುದಿ ಕೆಳಗಿನದರ ಒಳಗೆ ಕೂರಬೇಕು. ಕೆಲವು ಮೇಸ್ತ್ರಿಗಳು ಉಲ್ಟಾ ಕೂರಿಸಿಬಿಡ್ತಾರೆ, ಆಗ ಕಪ್ಪು ಮಸಿನೀರು ಕೀಲಿನಿಂದ ಸೋರಿ ಗೋಡೆಗೆ ಇಳಿಯುತ್ತೆ. ಮಳೆ ಟೋಪಿಗೂ ಬಾಯಿಗೂ ಕನಿಷ್ಠ ಆರಿಂಚು ಅಂತರ ಬಿಡಿ, ತೀರಾ ತಗ್ಗಾದರೆ ಹೊಗೆ ಕೆಳಕ್ಕೇ ತಿರುಗುತ್ತೆ. ಮೂರು ಕಡೆ ತಂತಿ ಎಳೆದು ಕಟ್ಟಿಸಿ. ಬುಡದಲ್ಲಿ ಮುಚ್ಚಳವಿರೋ ಟೀ (T ಆಕಾರದ ಕೊಳವೆ ತುಂಡು) ಇದ್ದರೆ ಮಸಿ ತೆಗೆಯೋದು ಸುಲಭ. ಖರ್ಚು ಅರ್ಧ ನಮ್ಮದು ಅನ್ನಿ, ಬಹಳ ಜನ ಒಪ್ತಾರೆ.

ಒಲೆ_ಬೂದಿ
ಎತ್ತರದ ಜೊತೆ ಉರಿಯನ್ನೂ ಸರಿಮಾಡಬೇಕು. ಬಾಯ್ಲರಿನಲ್ಲಿ ಹೊಗೆದಾರಿಯ ಸುತ್ತ ತಣ್ಣೀರು ಇರೋದರಿಂದ ಹಚ್ಚಿದ ಹೊತ್ತಿನಲ್ಲಿ ಹೊಗೆ ತಣ್ಣಗಾಗಿ ಕೊಳವೆಯಲ್ಲಿ ಮೇಲಕ್ಕೆ ಎಳೆತ ಹುಟ್ಟಲ್ಲ. ದಟ್ಟ ಹೊಗೆ ಆಗಲೇ. ಆ ಹೊತ್ತಿಗೆ ಒಣ ಕರಟ, ಬೆರಳುಗಾತ್ರದ ಸೀಳು ಸೌದೆ ಮಾತ್ರ ಹಾಕಬೇಕು. ಉರಿ ನಿಂತ ಮೇಲೆ ದಪ್ಪದ್ದು, ಒಂದೊಂದಾಗಿ. ಒದ್ದೆ ತೆಂಗಿನ ಮಟ್ಟೆ, ಹಸಿ ಸೌದೆ, ಹಾಲಿನ ಪ್ಲಾಸ್ಟಿಕ್ ಕವರ್ ಇವೇ ಮುಖ್ಯ ಅಪರಾಧಿಗಳು. ಜಾಲರಿ ಕೆಳಗಿನ ಬೂದಿ ತೆಗೆಯದಿದ್ದರೆ ಗಾಳಿ ಸಾಲದೆ ಬರೀ ಹೊಗೆಯಾಡುತ್ತೆ. ಮಳೆಗಾಲದಲ್ಲಿ ಸೌದೆಗೆ ಮೇಲೆ ಶೀಟು, ಬದಿ ಖಾಲಿ. ಟಾರ್ಪಾಲಿನ್ ಸುತ್ತಿಟ್ಟರೆ ಒಳಗೇ ಬೂಷ್ಟು.

ಗಾಳಿಲೆಕ್ಕ
ನಿಮ್ಮ ಮನೆಯೊಳಗೆ: ಬೆಳಗ್ಗೆ ಅಡುಗೆಮನೆ ಎಕ್ಸಾಸ್ಟ್ ಹಾಕ್ತೀರಾ? ಅದು ಹೊರಹಾಕಿದಷ್ಟು ಗಾಳಿ ಬೇರೆ ಸಂದಿಗಳಿಂದ ಒಳಗೆ ಬರಲೇಬೇಕು. ಅದನ್ನು ಹಾಕಿ, ಊದುಬತ್ತಿ ಹಿಡಿದು ಹೊಗೆಯ ಕಡೆ ಗೋಡೆಯುದ್ದಕ್ಕೂ ನೋಡಿ. ಎಳೆ ಒಳಕ್ಕೆ ಬಾಗಿದಲ್ಲಿ ಸಂದಿ ಇದೆ. ಸಾಮಾನ್ಯವಾಗಿ ಕಿಟಕಿ ಮೇಲಿನ ವೆಂಟಿಲೇಟರೇ. ಅದಕ್ಕೆ ಪಾಲಿಕಾರ್ಬನೇಟ್ ಶೀಟು ಕತ್ತರಿಸಿ, ಅಂಚಿಗೆ ಫೋಮ್ ಟೇಪ್ ಹಚ್ಚಿ ಸ್ಕ್ರೂ ಬಿಗಿಯಿರಿ, ಬೇಸಿಗೆಯಲ್ಲಿ ತೆಗೀಬಹುದು. ಸೊಳ್ಳೆ ಪರದೆ ಹೊಗೆ ತಡೆಯಲ್ಲ. ಗ್ಯಾಸ್ ಗೀಸರ್ ಇರೋ ಬಚ್ಚಲಿನ ವೆಂಟಿಲೇಟರ್ ಮಾತ್ರ ಮುಚ್ಚಲೇಬೇಡಿ, ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತೆ.

ಪ್ಯೂರಿಫೈಯರ್: 12×12 ಕೋಣೆ, 10 ಅಡಿ ಎತ್ತರ ಅಂದರೆ ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಶುದ್ಧವಾಗಲು ಸಿಎಡಿಆರ್ (ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನೋ ಅಳತೆ) 205 ಬೇಕು. ಸದ್ದಿಗೆ ಹೆದರಿ ಕಡಿಮೆ ವೇಗದಲ್ಲೇ ಓಡಿಸ್ತೀವಿ, ಹಾಗಾಗಿ 300ರದು ತಗೊಳ್ಳಿ. ಕಣಗಳಿಗೆ ಹೆಪಾ, ವಾಸನೆಗೆ ಇದ್ದಿಲಿನ ಫಿಲ್ಟರ್. ಜಾಹೀರಾತಿನ ತೆಳು ಇದ್ದಿಲ ಹಾಳೆ ಬೇಗ ಸೋಲುತ್ತೆ. ಕಿಟಕಿ ತೆರೆದಿಟ್ಟು ಓಡಿಸಿದರೆ ದುಡ್ಡು ದಂಡ.

ಮಹಡಿಮನೆ_ಶಿವಮೊಗ್ಗ
ಥ್ಯಾಂಕ್ಸ್. ಅವರು ಒಪ್ಪದೇ ಇದ್ದರೆ?

ಕೊಳವೆ_ಕೆಲಸ
ಪಾಲಿಕೆಯ ಆರೋಗ್ಯ ವಿಭಾಗಕ್ಕೆ ದಿನಾಂಕವಿರೋ ಫೋಟೊ ಸಮೇತ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬೀದಿಯ ನಾಲ್ಕಾರು ಮನೆಗೆ ತೊಂದರೆಯಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 152ರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಅದು ಸಾರ್ವಜನಿಕ ಉಪದ್ರವಕ್ಕೆ. ನಿಮ್ಮೊಬ್ಬರಿಗೇ ಆದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬೇಕು, ಅದಕ್ಕೆ ಸಮಯ ಹಿಡಿಯುತ್ತೆ. ಅದಕ್ಕೂ ಮೊದಲು ಕೊಳವೆಯ ಕೊಟೇಶನ್ ಹಿಡ್ಕೊಂಡು ಒಂದು ಭಾನುವಾರ ಅವರ ಮನೆಗೆ ಹೋಗಿಬನ್ನಿ.