ಫ್ರೀ ಕಿಂಡರ್‌ನಲ್ಲಿ ಬರೀ ಆಟಾನಾ ಅಂತ ಕೇಳಿದ ತಂಗಿಗೆ, ಸುಂಟಿಕೊಪ್ಪದಿಂದ

ಮೊನ್ನೆ ನಮ್ಮ ಮೆಲ್ಬರ್ನ್ ಗುಂಪಿನಲ್ಲಿ ವಿರಾಜಪೇಟೆ ಕಡೆಯ ತಂಗಿಯೊಬ್ಬರು ಕೇಳಿದ್ದರು. ಆಸ್ಟ್ರೇಲಿಯಾಕ್ಕೆ ಬಂದು ಆರು ತಿಂಗಳಾಗಿದೆ, ಮಾರ್ಚಿಗೆ ಮಗನಿಗೆ ನಾಲ್ಕು ತುಂಬುತ್ತದೆ, ಹತ್ತಿರದ ಕಿಂಡರ್‌ನಲ್ಲಿ (ಶಾಲೆಗೆ ಮುಂಚೆ ಮಕ್ಕಳು ಹೋಗುವ ಕೇಂದ್ರ) ಸೀಟು ಸಿಕ್ಕಿದೆ, ದುಡ್ಡೂ ಕೊಡಬೇಕಾಗಿಲ್ಲ. ಆದರೆ ನೋಡಲು ಹೋದರೆ ಮಕ್ಕಳೆಲ್ಲ ಮಣ್ಣಲ್ಲಿ ಕೂತಿದ್ದರಂತೆ. ಯಾರ ಕೈಯಲ್ಲೂ ಪೆನ್ಸಿಲ್ ಇರಲಿಲ್ಲವಂತೆ. "ಫ್ರೀ ಅಂತ ಹೀಗಾ? ದುಡ್ಡು ಕೊಟ್ಟಾದರೂ ಓದು ಬರಹ ಕಲಿಸುವ ಕಡೆ ಹಾಕಲಾ?" ಅನ್ನೋದು ಅವರ ಪ್ರಶ್ನೆ. ಊರಿಂದ ಅತ್ತೆ ಫೋನ್ ಮಾಡಿದಾಗೆಲ್ಲ "ಎ ಬಿ ಸಿ ಬರೀತಾನಾ" ಅಂತಲೇ ಮಾತು ಶುರು ಮಾಡುತ್ತಾರಂತೆ.

ಅವತ್ತೇ ಉತ್ತರ ಬರೆಯಬೇಕಿತ್ತು. ರಜೆಗೆ ಕೊಡಗಿನ ನಮ್ಮ ಊರಿಗೆ ಬಂದಿದ್ದೇನೆ, ಕಾಫಿ ಕುಯ್ಲು ನಡೀತಿದೆ, ಮನೆ ತುಂಬ ಜನ. ಈಗ ಎಲ್ಲರೂ ಮಲಗಿದ ಮೇಲೆ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲೇ ಹೇಳಿಬಿಡುತ್ತೇನೆ. ಆ ಸೀಟು ಬಿಡಬೇಡಿ. ಅಲ್ಲಿ ನೀವು ನೋಡಿದ ಮಣ್ಣಾಟವೇ ಪಾಠ.

ಇದನ್ನು ನಾನು ಸುಲಭವಾಗಿ ಒಪ್ಪಿಕೊಂಡವಳಲ್ಲ. ಕಳೆದ ವರ್ಷ ಮಗಳು ಮೂರು ವರ್ಷದವರ ಕಿಂಡರ್‌ಗೆ ಹೋಗುತ್ತಿದ್ದಳು. ದಿನಾ ಒದ್ದೆ ಕಾಲುಚೀಲ, ಉಗುರಿನ ಸಂದಿಯಲ್ಲಿ ಮಣ್ಣು. ನನಗೆ ಭಯವಾಯಿತು. ಅವಳಿಗಿನ್ನೂ ಮೂರೂವರೆ ವರ್ಷ, ಆಗಲೇ ದುಡ್ಡು ಕೊಟ್ಟು ಒಂದು ಟ್ಯೂಷನ್ ಕ್ಲಾಸಿಗೆ ಸೇರಿಸಿದೆ. ದಿನಕ್ಕೆ ಹತ್ತು ಹಾಳೆ, ಚುಕ್ಕಿ ಸೇರಿಸಿ ಅಕ್ಷರ ತಿದ್ದೋದು. ಮೊದಲ ವಾರ ಖುಷಿಯಿಂದ ಮಾಡಿದಳು. ಎರಡು ತಿಂಗಳಾಗುವಷ್ಟರಲ್ಲಿ ಪೆನ್ಸಿಲ್ ಕಂಡರೆ ಅಳು. ಒಂದಿನ ಮನೆ ಗುಡಿಸುವಾಗ ಸೋಫಾ ಅಡಿಯಲ್ಲಿ ಆರು ಪೆನ್ಸಿಲ್ ಸಿಕ್ಕವು. ಎಲ್ಲವನ್ನೂ ಗೋಡೆ ಪಕ್ಕ ಸಾಲಾಗಿ ಜೋಡಿಸಿ ಬಚ್ಚಿಟ್ಟಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮರುದಿನವೇ ಬಿಡಿಸಿದೆ.

ಆಮೇಲೆ ಅವಳ ಕಿಂಡರ್ ಟೀಚರ್ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟಿದಾಗ ಅವು ಮೂಳೆಯೇ ಆಗಿರುವುದಿಲ್ಲ, ಮೆತ್ತಗಿರುತ್ತವೆ. ವರ್ಷ ಕಳೆದ ಹಾಗೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಐದು ವರ್ಷದ ಮಗುವಿಗೂ ಎಲ್ಲವೂ ಆಗಿರುವುದಿಲ್ಲ. ಹಿಟ್ಟು ನಾದೋದು, ಮಣಿ ಪೋಣಿಸೋದು, ಮರ ಹತ್ತೋದು, ಒದ್ದೆ ಮಣ್ಣು ಹಿಂಡೋದು, ಇವೆಲ್ಲ ಪೆನ್ಸಿಲ್ ಹಿಡಿಯುವ ಕೈಯನ್ನು ತಯಾರು ಮಾಡುತ್ತವೆ. ನಮ್ಮ ಕಡೆ ಮಕ್ಕಳು ಅಜ್ಜಿ ಪಕ್ಕ ಕೂತು ಅವರೆಕಾಳು ಸುಲಿಯುತ್ತಾರಲ್ವಾ, ಅದೂ ಇದೇ ಕೆಲಸ.

ಆದರೆ ನನಗೆ ಪೂರ್ತಿ ಮನವರಿಕೆ ಆಗಿದ್ದು ಮೆಲ್ಬರ್ನಿನಲ್ಲಲ್ಲ. ಇಲ್ಲಿ, ಅತ್ತಿಗೆಯ ಅಂಗನವಾಡಿಯಲ್ಲಿ.

ಅತ್ತಿಗೆ ಹದಿನೆಂಟು ವರ್ಷದಿಂದ ಅಂಗನವಾಡಿ ಟೀಚರ್. ಈಗ ಅವರ ಕೇಂದ್ರದಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ. ಅರ್ಧ ಮಕ್ಕಳು ತೋಟದ ಕೆಲಸದವರ ಲೈನ್ ಮನೆಗಳಿಂದ ಬರುತ್ತಾರೆ. ಅಪ್ಪ ಅಮ್ಮ ಕುಯ್ಲಿಗೆ ಹೋದರೆ ಸಂಜೆವರೆಗೂ ಅವರಿಗೆ ಅಂಗನವಾಡಿಯೇ ಮನೆ. ನಾನು ದಿನಾ ಮಗಳನ್ನು ಕರೆದುಕೊಂಡು ಹೋಗಿ ಮೂಲೆಯಲ್ಲಿ ಕೂತಿರುತ್ತೇನೆ.

ಅತ್ತಿಗೆ ಒಂದು ಟಬ್ಬಿನಲ್ಲಿ ಮರಳು ಇಟ್ಟಿದ್ದಾರೆ. ಪಕ್ಕದಲ್ಲಿ ತೆಂಗಿನ ಕರಟಗಳು, ಅಗಲ ಬಾಯಿಯ ತುಪ್ಪದ ಡಬ್ಬ, ಉದ್ದನೆಯ ಒಂದು ಪ್ಲಾಸ್ಟಿಕ್ ಬಾಟಲಿ. ಮಗಳೂ ಲೈನ್ ಮನೆಯ ಒಬ್ಬ ಹುಡುಗನೂ ಅಂಗಡಿ ಆಟ ಶುರು ಮಾಡಿದರು. ಹುಡುಗನ ಅಪ್ಪ ಅಮ್ಮ ಅಸ್ಸಾಮಿನವರು. ಕಾಫಿ ಎಲೆಯೇ ನೋಟು, ಮರಳೇ ಸಕ್ಕರೆ. ಡಬ್ಬಕ್ಕೆ ಐದು ಕರಟ ಹಿಡಿಯಿತು. ಬಾಟಲಿಗೂ ಐದೇ ಹಿಡಿಯಿತು. ಪ್ರತಿ ಕರಟಕ್ಕೂ ಆ ಹುಡುಗ ಒಂದೊಂದು ಕಲ್ಲು ಇಟ್ಟಿದ್ದ, ಎಣಿಸಿ ತೋರಿಸಿದ. ಆದರೂ ಮಗಳು "ಬಾಟಲಿಯಲ್ಲೇ ಜಾಸ್ತಿ ಇದೆ, ನಂಗೆ ಎರಡು ಎಲೆ ಕೊಡು" ಅಂದಳು. ಅವನು ಒಪ್ಪಲಿಲ್ಲ. ಡಬ್ಬದ ಮರಳನ್ನು ನೆಲಕ್ಕೆ ಸುರಿದ, ಮತ್ತೆ ತುಂಬಿದ, ಮತ್ತೆ ಐದು ಕಲ್ಲು. ಅವಳು ಡಬ್ಬ ನೋಡಿದಳು, ಬಾಟಲಿ ನೋಡಿದಳು, ಕಲ್ಲು ನೋಡಿದಳು. ಹುಬ್ಬು ಗಂಟು ಹಾಕಿಕೊಂಡು ಬಹಳ ಹೊತ್ತು ಸುಮ್ಮನೆ ಕೂತಳು.

ನನಗೆ ಬಾಯಿ ತುದಿಗೆ ಬಂದಿತ್ತು, "ಎರಡೂ ಒಂದೇ ಪುಟ್ಟಾ" ಅಂತ. ಅತ್ತಿಗೆ ಕಣ್ಣಲ್ಲೇ ಬೇಡ ಅಂದರು. ಆಮೇಲೆ ಅಡುಗೆ ಮಾಡುವಾಗ ಹೇಳಿದರು: "ನಾವು ಹೇಳಿದ್ರೆ ಹೂಂ ಅಂತಾವೆ, ನಾಳೆ ಮರೀತಾವೆ. ಅವಳೇ ಸುರಿದು ಸುರಿದು ನೋಡ್ಲಿ ಬಿಡು."

ಮೂರು ದಿನ ಅವಳು ಬೇರೆ ಆಟಕ್ಕೇ ಹೋಗಲಿಲ್ಲ. ಕರಟ, ಡಬ್ಬ, ಬಾಟಲಿ ಅಷ್ಟೇ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ನೋಡಿ ಬರೆದಿದ್ದು ಇದನ್ನೇ. ಆರೇಳು ವರ್ಷ ಆಗುವವರೆಗೂ ಹೆಚ್ಚಿನ ಮಕ್ಕಳಿಗೆ ಎತ್ತರ ಇದ್ದಿದ್ದೇ ಜಾಸ್ತಿ ಅನ್ನಿಸುತ್ತದೆ. ಅದು ದಡ್ಡತನ ಅಲ್ಲ, ಆ ವಯಸ್ಸೇ ಹಾಗೆ. ಕೈಯಾರೆ ಅಳೆದು ಅಳೆದು ಅವರು ಅದನ್ನು ದಾಟುತ್ತಾರೆ. ಅತ್ತಿಗೆ ಪಿಯಾಜೆಯನ್ನು ಓದಿಲ್ಲ. ಮಕ್ಕಳನ್ನು ಓದಿದ್ದಾರೆ.

ಅಂಗಡಿ ಆಟದಲ್ಲಿ ಇನ್ನೊಂದು ವಿಷಯ ಇದೆ. ಅಂಗಡಿ ಇಟ್ಟ ಮಗು ತಾನು ಆಡಬೇಕು ಅನ್ನಿಸಿದರೂ ಗಿರಾಕಿ ಬರುವವರೆಗೆ ಕಾಯಬೇಕು. ಗಿರಾಕಿ ಎಲೆ ಕೊಡದೆ ಸಕ್ಕರೆ ಎತ್ತಿಕೊಂಡು ಓಡುವಂತಿಲ್ಲ. ನಾಲ್ಕು ವರ್ಷದ ಮಗುವಿಗೆ "ಕೈ ಕಟ್ಟಿ ಕೂರು" ಅಂದರೆ ಎರಡು ನಿಮಿಷ ಕೂರಲ್ಲ, ಆಟದಲ್ಲಾದರೆ ಅದಕ್ಕಿಂತ ಎಷ್ಟೋ ಹೊತ್ತು ತಾನಾಗಿಯೇ ತಡೆದುಕೊಳ್ಳುತ್ತದೆ. ಮುಂದೆ ಶಾಲೆಯಲ್ಲಿ ಬೇಕಾಗೋದು ಇದೇ ತಡೆದುಕೊಳ್ಳುವ ಶಕ್ತಿ.

ನಂಬಿಕೆ ಬರದವರಿಗೆ ಒಂದು ಅಧ್ಯಯನ ಹೇಳುತ್ತೇನೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಊರಿನಲ್ಲಿ 1967ರಲ್ಲಿ ಬಡ ಮನೆಗಳ 68 ಮಕ್ಕಳನ್ನು ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ಮಕ್ಕಳೇ ಆರಿಸಿಕೊಳ್ಳುವ ಆಟ, ಚಟುವಟಿಕೆ. ಒಂದು ಗುಂಪಿಗೆ ಟೀಚರ್ ಹೇಳಿಕೊಟ್ಟು ಒಪ್ಪಿಸುವ ಪಾಠ. ಮೊದಲಿಗೆ ಮೂರೂ ಗುಂಪಿನ ಬುದ್ಧಿಮತ್ತೆಯ ಅಂಕ ಏರಿತು. ಆದರೆ 23 ವರ್ಷ ಆಗುವಾಗ ನೋಡಿದರೆ, ಪಾಠ ಒಪ್ಪಿಸಿದವರಲ್ಲಿ ಮನಸ್ಸಿನ ತೊಂದರೆಯೂ ಪೊಲೀಸ್ ಕೇಸೂ ಜಾಸ್ತಿ ಇತ್ತು. ಸಣ್ಣ ಅಧ್ಯಯನವೇ, ಇದೊಂದರಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ. ಆದರೆ ಬೇಗ ಅಕ್ಷರ ಕಲಿಸಿದರೆ ಮುಂದೆ ಒಳ್ಳೆಯದು ಅಂತ ನಾವು ಸುಮ್ನೆ ನಂಬಿಕೊಂಡಿದ್ದೇವಲ್ಲ, ಅದನ್ನು ಮತ್ತೊಮ್ಮೆ ಯೋಚಿಸಲು ಇಷ್ಟು ಸಾಕು.

ಇನ್ನು ಭಾಷೆಯ ಮಾತು. ಗುಂಪಿನಲ್ಲಿ ಇನ್ನೊಬ್ಬ ಅಣ್ಣ "ಕಿಂಡರ್ ಶುರುವಾಗುವ ಮುಂಚೆ ಮನೆಯಲ್ಲಿ ಇಂಗ್ಲಿಷೇ ಮಾತಾಡಿ" ಅಂತ ಬರೆದಿದ್ದರು. ಅಣ್ಣಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಒಂದು ಮಾತು ನಾನು ಒಪ್ಪುವುದಿಲ್ಲ. ನಮ್ಮ ಮನೆ ಮಾತು ಅರೆಭಾಷೆ. ಕನ್ನಡ ಕಲಿತಿದ್ದು ಇದೇ ಊರಿನ ಅಂಗನವಾಡಿಯಲ್ಲಿ. ಕೊಡಗಿನಲ್ಲಿ ಯಾವ ಅಂಗನವಾಡಿಗೆ ಹೋದರೂ ಹೀಗೇ. ಒಬ್ಬನ ಮನೆಯಲ್ಲಿ ಕೊಡವ ತಕ್ಕ್, ಒಬ್ಬಳ ಮನೆಯಲ್ಲಿ ಮಲಯಾಳ, ಇನ್ನೊಬ್ಬರದ್ದು ಯರವ ಭಾಷೆ, ತುಳು, ಈಗ ಅಸ್ಸಾಮಿ. ಮೊದಲೆರಡು ತಿಂಗಳು ಕೆಲವು ಮಕ್ಕಳು ಬಾಯಿಯೇ ಬಿಡುವುದಿಲ್ಲ. ಕೇಳಿಸಿಕೊಳ್ಳುತ್ತಿರುತ್ತಾರೆ. ಒಂದಿನ ಆಟದ ಮಧ್ಯೆ ಪೂರಾ ವಾಕ್ಯ ಬಂದುಬಿಡುತ್ತದೆ. ಆ ಅಸ್ಸಾಮಿ ಹುಡುಗ ಈಗ ಮಗಳಿಗೆ "ಚಿಲ್ಲರೆ ಇಲ್ಲ, ನಾಳೆ ಬಾ" ಅಂತಾನೆ. ನಿಮ್ಮ ಮಗ ಕಿಂಡರ್‌ನಲ್ಲಿ ಸ್ವಲ್ಪ ಕಾಲ ಸುಮ್ಮನಿದ್ದರೆ ಗಾಬರಿ ಬೇಡ. ನೀರು, ಟಾಯ್ಲೆಟ್, ನೋವು, ಅಮ್ಮ, ಇಂಥ ಏಳೆಂಟು ಕನ್ನಡದ ಮಾತುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಅರ್ಥದ ಜೊತೆ ಬರೆದು ಟೀಚರ್ ಕೈಗೆ ಕೊಡಿ. ನಮ್ಮ ಟೀಚರ್ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದರು.

ಈಗ ಕಾಗದ ಪತ್ರದ ವಿಷಯ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಫ್ರೀ ಕಿಂಡರ್ ಶುರುವಾಗಿದ್ದು 2023ರಲ್ಲಿ. ನಾಲ್ಕು ವರ್ಷದವರಿಗೆ ವಾರಕ್ಕೆ 15 ಗಂಟೆ, ಮೂರು ವರ್ಷದವರಿಗೆ 5ರಿಂದ 15 ಗಂಟೆ. ಸಿಟಿಜನ್ ಆಗಿರಬೇಕು ಅಂತಿಲ್ಲ, ವರಮಾನ ಯಾರೂ ಕೇಳುವುದಿಲ್ಲ. ಆದರೆ ಡೇ ಕೇರ್ ಒಳಗೇ ಇರುವ ಕಿಂಡರ್ ಆದರೆ ಪೂರ್ತಿ ಫ್ರೀ ಅಲ್ಲ, ಫೀಸಿನಲ್ಲಿ ಒಂದಷ್ಟು ಕಡಿಮೆ ಮಾಡುತ್ತಾರೆ, ಉಳಿದಿದ್ದು ನೀವೇ ಕಟ್ಟಬೇಕು. ಸೇರುವ ಮುಂಚೆ ಇದನ್ನು ಬಾಯಿಬಿಟ್ಟು ಕೇಳಿ. ಒಂದು ಸಲಕ್ಕೆ ಒಂದೇ ಕಡೆ ಫ್ರೀ ಸೀಟು ಸಿಗೋದು.

ತಂಗಿ, ನಿಮಗೆ ಇನ್ನೊಂದು ಅನುಕೂಲ ಇದೆ. ನಾಲ್ಕರ ಕಿಂಡರ್‌ಗೆ ಮಗುವಿಗೆ ನಾಲ್ಕು ತುಂಬಿರಬೇಕಾದ ಗಡಿ ದಿನ ಅಲ್ಲಿ ಏಪ್ರಿಲ್ 30. ಜನವರಿಯಿಂದ ಏಪ್ರಿಲ್ ಒಳಗೆ ಹುಟ್ಟಿದ ಮಕ್ಕಳನ್ನು ಯಾವ ವರ್ಷ ಶುರು ಮಾಡಬೇಕು ಅಂತ ನೀವೇ ಆರಿಸಬಹುದು. ಮಾರ್ಚಿನಲ್ಲಿ ಹುಟ್ಟಿದ ಮಗ ಇನ್ನೂ ಚಿಕ್ಕವನು ಅನ್ನಿಸಿದರೆ ಈ ವರ್ಷ ಮೂರರ ಕಿಂಡರ್, ಮುಂದಿನ ವರ್ಷ ನಾಲ್ಕರದ್ದು ಅಂತ ಟೀಚರ್ ಹತ್ತಿರ ಮಾತಾಡಿ. ಒಂದು ವರ್ಷ ಹಿಂದೆ ಬೀಳುತ್ತಾನೆ ಅಂತ ಅತ್ತೆ ಹೇಳಬಹುದು. ಫಿನ್‌ಲೆಂಡಿನಲ್ಲಿ ಮಕ್ಕಳು ಒಂದನೇ ಕ್ಲಾಸಿಗೆ ಹೋಗುವುದೇ ಏಳನೇ ವರ್ಷಕ್ಕೆ ಅಂತ ಅವರಿಗೆ ನಿಧಾನಕ್ಕೆ ತಿಳಿಸಿ.

ಲಸಿಕೆ ಮಾತ್ರ ಇವತ್ತೇ ನೋಡಿ. ವಿಕ್ಟೋರಿಯಾದಲ್ಲಿ 2016ರಿಂದ ಲಸಿಕೆಯ ದಾಖಲೆ ಇಲ್ಲದೆ ಕಿಂಡರ್‌ಗೆ ಸೇರಿಸಿಕೊಳ್ಳುವುದಿಲ್ಲ. ಊರಲ್ಲಿ ಹಾಕಿಸಿದ್ದು ಅಲ್ಲಿನ ದಾಖಲೆಯಲ್ಲಿ ತಾನಾಗಿ ಬರುವುದಿಲ್ಲ. ತಾಯಿ ಕಾರ್ಡ್ ತಗೊಂಡು ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋಗಿ ಎಲ್ಲ ಸೇರಿಸಿಸಬೇಕು. ತಾಯಿ ಕಾರ್ಡ್ ಊರಲ್ಲೇ ಬಿಟ್ಟು ಬಂದಿದ್ದರೆ ಅತ್ತೆಗೆ ಹೇಳಿ ಪ್ರತಿ ಪುಟದ ಫೋಟೋ ತರಿಸಿಕೊಳ್ಳಿ, ತಾರೀಕು ಸರಿಯಾಗಿ ಕಾಣಲಿ.

ಇಲ್ಲಿ ಕೂತು ಬರೆಯುವಾಗ ಒಂದು ಸಂಕಟವನ್ನೂ ಹೇಳಬೇಕು ಅನ್ನಿಸುತ್ತದೆ. ಕಿಂಡರ್‌ಗಾರ್ಟನ್ ಅಂದರೆ ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. 1840ರಲ್ಲಿ ಫ್ರೀಡ್ರಿಶ್ ಫ್ರೋಬೆಲ್ ಇಟ್ಟ ಹೆಸರು ಅದು. ಅಂಗನವಾಡಿಯ ಹೆಸರಲ್ಲಿ ಅಂಗಳ ಇದೆ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ, ಐವತ್ತು ವರ್ಷ ತುಂಬಿತು. ದುಡ್ಡಿಲ್ಲದೆ ಆಟ, ಊಟ, ಹಾಲು, ಮೊಟ್ಟೆ, ಲಸಿಕೆ ಎಲ್ಲ ಒಂದೇ ಅಂಗಳದಲ್ಲಿ. ನಾವು ಅಲ್ಲಿ ಫ್ರೀ ಕಿಂಡರ್ ಅಂತ ಸಂಭ್ರಮ ಪಡುತ್ತೇವೆ, ಊರಲ್ಲಿ ಇದ್ದಿದ್ದಕ್ಕೆ ಬೆಲೆ ಕೊಡಲಿಲ್ಲ. ಅತ್ತಿಗೆಯ ಕೇಂದ್ರದ ಮುಂದೆಯೇ ಬೆಳಿಗ್ಗೆ ಖಾಸಗಿ ಶಾಲೆಯ ವ್ಯಾನ್ ನಿಲ್ಲುತ್ತದೆ. ಮೂರು ವರ್ಷದ ಮಕ್ಕಳು ಟೈ ಕಟ್ಟಿಕೊಂಡು ನಿದ್ದೆಗಣ್ಣಲ್ಲಿ ಹತ್ತುತ್ತವೆ. ಅತ್ತಿಗೆಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಅದರ ಮೇಲೆ ಸರ್ವೆ, ಮೊಬೈಲಿನಲ್ಲಿ ತೂಕ ತುಂಬಿಸೋದು, ಸಭೆ. ಮೆಲ್ಬರ್ನಿನಲ್ಲಿ ಹನ್ನೊಂದು ಮಕ್ಕಳಿಗೆ ಒಬ್ಬರು ಇರಲೇಬೇಕು ಅಂತ ನಿಯಮ. ಇಲ್ಲಿ ಹದಿನಾಲ್ಕು ಮಕ್ಕಳ ಮಧ್ಯೆ ಫೋನ್ ಹಿಡಿದುಕೊಂಡು ನೆಟ್‌ವರ್ಕ್ ಹುಡುಕುತ್ತಾ ಅಂಗಳದ ತುದಿಗೆ ಹೋಗಿ ನಿಲ್ಲುತ್ತಾರೆ. ನೋಡಿ ಹೊಟ್ಟೆ ಉರಿಯುತ್ತದೆ. ಊರಿಗೆ ಬರುವವರು ನಿಮ್ಮ ಊರಿನ ಅಂಗನವಾಡಿಗೆ ಒಂದು ಬೆಳಿಗ್ಗೆ ಹೋಗಿ ಕೂತು ಬನ್ನಿ. ಚಾಕೊಲೇಟ್ ಬೇಡ. ಮರದ ತುಂಡು, ಮಣಿ, ಚಿತ್ರದ ಪುಸ್ತಕ ಕೊಡಿ.

ನಾವು ಹದಿನೆಂಟಕ್ಕೆ ಹೊರಡುತ್ತೇವೆ. ಕರಟ ತಗೊಂಡು ಹೋಗುತ್ತೇನೆ ಅಂತ ಮಗಳು ಹಟ ಹಿಡಿದಿದ್ದಾಳೆ. ಏರ್‌ಪೋರ್ಟಿನಲ್ಲಿ ತಪಾಸಣೆಯ ತಾಪತ್ರಯ ಬೇಡ ಅಂತ ಅವ್ವ ಅಟ್ಟದಿಂದ ಹಳೆಯ ಕಂಚಿನ ಪಾವು, ಅರೆಪಾವು ಇಳಿಸಿಕೊಟ್ಟಿದ್ದಾರೆ. ಸಂಜೆಯೆಲ್ಲ ಕಾಫಿ ಕಣದ ಮೂಲೆಯಲ್ಲಿ ಕೂತು ಎರಡು ಅರೆಪಾವು ಪಾವಿಗೆ ಸುರಿದಳು, ಮತ್ತೆ ವಾಪಸ್ ಸುರಿದಳು. ಈಗ ಎರಡನ್ನೂ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದಾಳೆ.