ಮಾರ್ಕಾನ್ಷಿಯಾ ಕೊಡೆ ಬಿಡ್ತಾನೇ ಇಲ್ಲ, ಸಾಕಾಗಿದೆ

ಹಸಿಗೋಡೆ: ಮಾರ್ಕಾನ್ಷಿಯಾದ್ದು (ಲಿವರ್‌ವರ್ಟ್, ಹಾವಸೆಯ ನೆಂಟ) ಟಾಕ್-1 (ಗಂಡು), ಟಾಕ್-2 (ಹೆಣ್ಣು) ತಳಿ ಎರಡೂ ಇವೆ. ಕ್ರಾಸ್ ಮಾಡಿ ಸ್ಪೋರ್ ತೆಗೀಬೇಕು, ಟ್ರಾನ್ಸ್‌ಫರ್ಮೇಶನ್‌ಗೆ, ಅಂದ್ರೆ ಹೊರಗಿನ ಜೀನ್ ಸೇರಿಸೋಕೆ. ಥ್ಯಾಲಸ್ (ಗಿಡದ ಚಪ್ಪಟೆ ಮೈ) ಪ್ಲೇಟ್ ತುಂಬಾ ಹಬ್ಬಿದೆ, ಜೆಮ್ಮಾ (ಹೊಸ ಗಿಡ ಆಗೋ ಪುಟ್ಟ ತುಣುಕು) ಕಪ್ ಬೇಕಾದಷ್ಟು. ಕೊಡೆ (ಗಂಡು-ಹೆಣ್ಣು ಅಂಗ ಹೊರೋ ಭಾಗ) ಮಾತ್ರ ಒಂದೂ ಇಲ್ಲ. ಎಲ್ಲ ಪ್ರೋಟೋಕಾಲ್ ಪ್ರಕಾರವೇ ಇದೆ.

ಅಗಾರಪ್ಪ: ನೈಟ್ರೋಜನ್ ಜಾಸ್ತಿ ಆಗಿರುತ್ತೆ. ಬಿ5 (ಪೋಷಕಾಂಶದ ಮಿಶ್ರಣ) ಪೂರ್ತಿ ಹಾಕಿದ್ರಾ?

ಹಸಿಗೋಡೆ: ಅರ್ಧ. ಸಕ್ಕರೆ ಇಲ್ಲ. 22 ಡಿಗ್ರಿ.

ಅಗಾರಪ್ಪ: ಹಾಗಿದ್ರೂ ಅದರಲ್ಲಿರೋ ನೈಟ್ರೋಜನ್, ಅಂದ್ರೆ ನೈಟ್ರೇಟೇ. ಇನ್ನೂ ಇಳಿಸಿ.

ಕಡಲಪಾಚಿ: ಮಾರಾಯ್ರೆ, ಅಗಾರ್ (ಪ್ಲೇಟಿನ ಜೆಲ್ಲಿ) ಮೇಲೆ ಯಾರು ಕ್ರಾಸ್ ಮಾಡ್ತಾರೆ? ವರ್ಮಿಕ್ಯುಲೈಟಿಗೆ (ಮಣ್ಣಿನ ಬದಲು ಬಳಸೋ ಖನಿಜ) ಹಾಕಿ.

ಅಗಾರಪ್ಪ: ನಾವು ಮಾಡ್ತೀವಿ. ವರ್ಮಿಕ್ಯುಲೈಟ್ ಅಂದ್ರೆ ಬೂಷ್ಟು, ಸೊಳ್ಳೆಮರಿ ಸಾಕಿದ ಹಾಗೆ.

ಕಡಲಪಾಚಿ: ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡದೆ ಹಾಕಿದ್ರೆ ಬೂಷ್ಟೇ ಬರೋದು!

ಏಳುನೂರಮೂವತ್ತು: ಜಗಳ ಆಮೇಲೆ. ಹಸಿಗೋಡೆಯವರೇ, ಯಾವ ದೀಪ?

ಹಸಿಗೋಡೆ: ಬಿಳಿ ಎಲ್‌ಇಡಿ, 24 ಗಂಟೆ. ಎಲ್ರೂ ಅದನ್ನೇ ಅಲ್ವಾ ಹಾಕೋದು?

ಏಳುನೂರಮೂವತ್ತು: ಇದನ್ನ ಮೊದಲೇ ಹೇಳ್ಬಾರ್ದಾ! ಮಾಮೂಲಿ ಬಿಳಿ ಎಲ್‌ಇಡಿಯಲ್ಲಿ ಫಾರ್-ರೆಡ್ (ಕೆಂಪಿನಾಚೆಯ ಬೆಳಕು) ಹೆಚ್ಚುಕಮ್ಮಿ ಇರೋದೇ ಇಲ್ಲ. 730 ನ್ಯಾನೊಮೀಟರ್ ಆಸುಪಾಸಿನ ಎಲ್‌ಇಡಿ ಪಟ್ಟಿ ಜೊತೆಗೆ ಹಾಕಿ, ಬಿಳಿ ಆರಿಸ್ಬೇಡಿ. ಅರಬಿಡಾಪ್ಸಿಸ್‌ಗೆ (ಲ್ಯಾಬಿನ ಮಾಮೂಲಿ ಹೂಗಿಡ) ಫೈಟೋಕ್ರೋಮ್ (ಕೆಂಪು, ಫಾರ್-ರೆಡ್ ಗುರುತಿಸೋ ಪ್ರೋಟೀನ್) ಜೀನ್ ಐದು, ಮಾರ್ಕಾನ್ಷಿಯಾಕ್ಕೆ ಒಂದೇ. ಪಿಫ್ (ಫೈಟೋಕ್ರೋಮ್ ಹಿಡಿತದಲ್ಲಿರೋ, ಬೇರೆ ಜೀನ್ ನಡೆಸೋ ಪ್ರೋಟೀನ್) ಜೀನೂ ಒಂದೇ. ಕೆಂಪು ಬೆಳಕಲ್ಲಿ ಫೈಟೋಕ್ರೋಮ್ ಚುರುಕಾಗಿ ಪಿಫ್ ಪ್ರೋಟೀನನ್ನ ಕರಗಿಸುತ್ತೆ. ಫಾರ್-ರೆಡ್ ಬಿದ್ರೆ ಪಿಫ್ ಉಳ್ಕೊಂಡು ಕೊಡೆಗೆ ದಾರಿ ಮಾಡುತ್ತೆ. ಹೂ ಬಿಡೋ ಗಿಡಗಳು ನೆರಳು ಗುರುತಿಸೋಕೆ ಬಳಸೋದೂ ಇದೇ ಜೋಡಿಯನ್ನ. ಅಷ್ಟು ಹಳೇ ವ್ಯವಸ್ಥೆ ಇದು.

ಅಗಾರಪ್ಪ: ನೈಟ್ರೇಟೂ ಸ್ವಲ್ಪ...

ಜೆಮ್ಮಾಗೌಡ: ಪ್ಲೇಟ್ ಲೇಬಲ್ ನಂಬಬೇಡಿ ಸರ್, ಜೆಮ್ಮಾ ಒಂದರಿಂದೊಂದಕ್ಕೆ ಹಾರಿರುತ್ತೆ. ಯು (ಹೆಣ್ಣಿನದು), ವಿ (ಗಂಡಿನದು) ಕ್ರೋಮೋಸೋಮ್ ಎರಡಕ್ಕೂ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಹಾಕಿ. ಎರಡೂ ಪ್ಲೇಟ್ ಗಂಡೇ ಆಗಿದ್ರೆ ಫಾರ್-ರೆಡ್ ಹಾಕಿ ಏನು ಬಂತು?

ಹಸಿಗೋಡೆ: ಕೊಡೆ ನೋಡಿದ್ರೇ ಗೊತ್ತಾಗಲ್ವಾ? ಗಂಡು ತಟ್ಟೆ, ಹೆಣ್ಣು ಬೆರಳು.

ಜೆಮ್ಮಾಗೌಡ: ವೈಲ್ಡ್ ಟೈಪಲ್ಲಿ (ಜೀನ್ ಕೆಡದ ಗಿಡದಲ್ಲಿ) ಗೊತ್ತಾಗುತ್ತೆ. ಎಫ್‌ಜಿಎಂವೈಬಿ (ಹೆಣ್ಣುತನ ತರೋ ಜೀನ್) ಕೆಟ್ಟ ಮ್ಯುಟೆಂಟ್ ಆದ್ರೆ, ಯು ಇರೋ ಗಿಡವೂ ಗಂಡು ಕೊಡೆ ಬಿಡುತ್ತೆ. ವೀರ್ಯಾಣು ಬರುತ್ತೆ, ಈಜೋದಿಲ್ಲ. ಈಜೋಕೆ ಬೇಕಾದ ಜೀನ್ ವಿ ಮೇಲೆ.

ಕಡಲಪಾಚಿ: ನನ್ನ ಕಪಾಟಲ್ಲಿ ಫಾರ್-ರೆಡ್ ಪಟ್ಟಿ ಮೂರು ಅಂತಸ್ತಿಗೂ ಇದೆ, ಟೈಮರ್ ಸಮೇತ. ಫೋಟೋ ಹಾಕ್ಲಾ?

ಏಳುನೂರಮೂವತ್ತು: ಹಾಕಿ. ಪಟ್ಟಿಗೆ ಕರೆಂಟ್ ಕೊಡೋ ಡ್ರೈವರ್ ಎಷ್ಟು ವ್ಯಾಟಿಂದು?

ಹಸಿಗೋಡೆ: ಪಟ್ಟಿಗೆ ಆರ್ಡರ್ ಹಾಕಿದೆ. ಪಿಸಿಆರ್ ಪ್ರೈಮರ್ ಯಾರ ಹತ್ರ ಇದೆ?